ನಿಲ್ಲಿ ಎನ್ನುವವರಿಲ್ಲದ ಪರೇಡ್

ಆದೋನಿಯ ಮಾಜಿ ಸೈನಿಕರ ಸಂಘಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಸುಬೇದಾರನಾಗಿ ನಿವೃತ್ತನಾದ ಏಕಾಂತಪ್ಪನ ಅಣ್ಣನ ಮಕ್ಕಳಿಗೆ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿತ್ತು. ಅಲ್ಲಿ ಲಾರಿ ತೂಗುವ ಕಾಟಾದ ಪಕ್ಕದ ಕೋಣೆಯೇ ಸಂಘದ ಕಚೇರಿ. ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಪಿಂಚಣಿ, ಕ್ಯಾಂಟೀನ್ ಕಾರ್ಡು, ಆಸ್ಪತ್ರೆ ಇಂಥ ಮಾತೆಲ್ಲ ಚಹಾ ಬರುವುದರೊಳಗೆ ಮುಗಿದುಹೋಗುತ್ತಿತ್ತು. ಚಹಾದ ಹಿಂದೆ ಮಿರ್ಚಿ ಬಜ್ಜಿ ಬಂದಮೇಲೆ ನಿಜವಾದ ಕಲಾಪ. ಯಾರ ಟ್ರೈನಿಂಗ್ ಎಲ್ಲರಿಗಿಂತ ಕಠಿಣವಾಗಿತ್ತು ಎಂಬುದೇ ಅದರ ಏಕೈಕ ವಿಷಯ. ಆ ಮಂದಿಯಲ್ಲಿ ಯುದ್ಧ ಕಂಡವರಿದ್ದರು, ಹಿಮದಲ್ಲಿ ಕಾಲ್ಬೆರಳು ಬಿಟ್ಟುಬಂದವನಿದ್ದ. ಆ ಸಂಗತಿಗಳನ್ನು ಯಾರೂ ಎತ್ತುತ್ತಿರಲಿಲ್ಲ. ಮಾತೆಲ್ಲ ಹೊಸದಾಗಿ ಭರ್ತಿಯಾದ ಆ ಮೊದಲ ತಿಂಗಳುಗಳದ್ದೇ.

ಹವಾಲ್ದಾರನಾಗಿದ್ದ ಉಚ್ಚೀರಪ್ಪ ಆಸ್ಪರಿ ಕಡೆಯ ಕುರಿ ಸಾಕುವ ಮನೆತನದವನು. ಫಿರಂಗಿ ದಳಕ್ಕೆ ಸೇರಿದಾಗ ಅವನಿಗೆ ಕನ್ನಡ, ತೆಲುಗು ಬಿಟ್ಟರೆ ಸಂತೆಯಲ್ಲಿ ಕಲಿತ ನಾಲ್ಕು ಮಾತಿನ ಉರ್ದು ಬರುತ್ತಿತ್ತು. ಅದನ್ನೇ ಹಿಂದಿ ಎಂದು ನಂಬಿಕೊಂಡು ರೈಲು ಹತ್ತಿದ್ದ. ಮೊದಲ ದಿನ ಮೈದಾನದಲ್ಲಿ ಉಸ್ತಾದ್, ಅಂದರೆ ಕವಾಯತು ಕಲಿಸುವವನು, ‘ಬಾಯೇ ಮುಡ್’ ಎಂದು ಕೂಗಿದ. ಎಡಕ್ಕೆ ತಿರುಗಿ ಎಂದು ಅದರ ಅರ್ಥ. ಉಚ್ಚೀರಪ್ಪನ ಕಿವಿಗೆ ಅದು ‘ಬಾಯಿ ಮುಚ್’ ಎಂದು ಬಿತ್ತು. ಎಲ್ಲರೂ ಎಡಕ್ಕೆ ತಿರುಗಿದರೆ ಇವನೊಬ್ಬ ತುಟಿ ಬಿಗಿಹಿಡಿದು ನೆಟ್ಟಗೆ ನಿಂತ. ಉಸ್ತಾದ್ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಯಾಕೆ ತಿರುಗಲಿಲ್ಲ ಎಂದು ಕೇಳಿದ. ಬಾಯಿ ಮುಚ್ಚುವ ಹುಕುಂ ಇನ್ನೂ ಜಾರಿಯಲ್ಲಿದ್ದುದರಿಂದ ಉಚ್ಚೀರಪ್ಪ ಉತ್ತರ ಕೊಡಲಿಲ್ಲ. ಅವತ್ತು ಅವನು ಮೈದಾನಕ್ಕೆ ಹಾಕಿದ ಸುತ್ತುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಬಂದಿದ್ದವು.

ಏಕಾಂತಪ್ಪ ಸಿಗ್ನಲ್ಸ್ ದಳದವನು. ಹತ್ತಿ ವ್ಯಾಪಾರದ ಗಾದಿಯ ಮೇಲೆ ಕೂರಬೇಕಾಗಿದ್ದವನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಹೋಗಿ ಭರ್ತಿಯಾಗಿದ್ದ. ಮೊಟ್ಟೆಯ ವಾಸನೆ ಕೂಡ ಕಾಣದ ಶಿವಭಕ್ತರ ಮನೆಯ ಹುಡುಗ ಲಂಗರಿನಲ್ಲಿ, ಅಂದರೆ ಸೈನಿಕರ ಊಟದ ಮನೆಯಲ್ಲಿ, ಬರೀ ದಾಲ್ ಕುಡಿದು ಬದುಕಿದ ಎಂಬುದು ಅವನ ವಾದ. ಅವನ ತಾಯಿ ವೀರಬಸಮ್ಮ ತಡೆಯಲಾರದೆ ಬಿಸ್ಕತ್ತಿನ ಡಬ್ಬಿಯಲ್ಲಿ ಕಟಕು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿ ಪಾರ್ಸೆಲ್ ಮಾಡಿದಳು. ಉಸ್ತಾದ್ ಅದನ್ನು ಜಪ್ತಿ ಮಾಡಿಕೊಂಡ. ಮುಂದಿನ ವಾರ ಅದೇ ಉಸ್ತಾದ್ ಇಡೀ ಪಲಟನ್ ಎದುರು, ಎರಡನೆಯ ಡಬ್ಬಿ ಇನ್ನೂ ಯಾಕೆ ಬಂದಿಲ್ಲ ಎಂದು ಗದರಿದ. ರೊಟ್ಟಿ ಬರುವ ಟ್ರೈನಿಂಗು ಟ್ರೈನಿಂಗೇ ಅಲ್ಲ, ಅದು ಮಾವನ ಮನೆ ಎಂದು ಉಚ್ಚೀರಪ್ಪ ಪ್ರತಿ ಭಾನುವಾರ ಹೇಳುತ್ತಿದ್ದ.

ಇವರಿಬ್ಬರ ನಡುವೆ ನಾಯಕ್ ಎರ್ರಿಸ್ವಾಮಿಯದು ಕೂದಲಿನ ಕಥೆ. ಅವನ ತಲೆಗೂದಲು ಉರುಕುಂದಿ ಈರಣ್ಣನಿಗೆ ಹರಕೆಯದು. ಭರ್ತಿಯಾದ ದಿನವೇ ಕ್ಷೌರದವನು ಅದನ್ನು ಒಂದೇ ಎಳೆತಕ್ಕೆ ನೆಲಕ್ಕಿಳಿಸಿದ. ಎರ್ರಿಸ್ವಾಮಿ ಒಂದು ಹಿಡಿ ಕೂದಲು ಗುಡಿಸಿಕೊಂಡು, ದೇವರಿಗೆ ಮುಟ್ಟಿಸವ್ವಾ ಎಂದು ಬರೆದು ಲಕೋಟೆಯಲ್ಲಿ ಊರಿಗೆ ಕಳಿಸಿದ. ಮನೆಯಲ್ಲಿ ಲಕೋಟೆ ಒಡೆದಾಗ ಮೊದಲು ಕೈಗೆ ಸಿಕ್ಕಿದ್ದು ಚೀಟಿಯಲ್ಲ, ಕೂದಲು. ಓದು ಬರುವವರು ಯಾರೂ ಹತ್ತಿರವಿರಲಿಲ್ಲ. ಮಗನೇ ಹೋದನೆಂದುಕೊಂಡು ಸಂಜೆಯತನಕ ಮನೆಯವರೆಲ್ಲ ಅತ್ತರು.

ಸಂಘದಲ್ಲಿ ಒಂದು ಪದ್ಧತಿಯಿತ್ತು. ಊರಿನ ಯಾವ ಹುಡುಗ ಟ್ರೈನಿಂಗ್ ಮುಗಿಸಿ ರಜೆಗೆ ಬಂದರೂ ಅವನನ್ನು ಕರೆಸಿ, ಬಜ್ಜಿ ತಿನ್ನಿಸಿ, ಅನುಭವ ಹೇಳಿಸುವುದು. ಕೊನೆಗೆ ಅಧ್ಯಕ್ಷನಾದ ಏಕಾಂತಪ್ಪ ತೀರ್ಪು ಕೊಡುತ್ತಿದ್ದ. ತೀರ್ಪು ಯಾವಾಗಲೂ ಒಂದೇ: ನಿಮ್ಮದು ಟ್ರೈನಿಂಗಲ್ಲ, ಪಿಕ್ನಿಕ್.

ಆಗಸ್ಟ್ ತಿಂಗಳ ಮೊದಲ ಭಾನುವಾರ ಇಬ್ಬರು ಬಂದರು. ಒಬ್ಬ ಏಕಾಂತಪ್ಪನ ಅಣ್ಣನ ಮೊಮ್ಮಗ ಬಸವಪ್ರಸಾದ್. ಇನ್ನೊಬ್ಬಳು ಉಚ್ಚೀರಪ್ಪನ ಮೊಮ್ಮಗಳು ನಾಗಜ್ಯೋತಿ. ಆಸ್ಪರಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಕುರಿಗಳ ಹಿಂದೆ ಬೆಳೆದವಳು, ಅಗ್ನಿವೀರಳಾಗಿ ಬೆಂಗಳೂರಿನಲ್ಲಿ ಮಿಲಿಟರಿ ಪೊಲೀಸ್ ತರಬೇತಿ ಮುಗಿಸಿ, ರಜೆಯಲ್ಲಿ ಆದೋನಿಯ ತಾತನ ಮನೆಗೆ ಬಂದಿದ್ದಳು. ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲಿಗೆ ಅಜ್ಜಿ ಲಿಂಗಕ್ಕ ಪಟ್ಟುಬಿಡದೆ ಎರಡು ಪಿನ್ನು ಸಿಕ್ಕಿಸಿ ಕನಕಾಂಬರ ಮುಡಿಸಿದ್ದಳು. ಸಂಘದ ಕೋಣೆಗೆ ಹೆಣ್ಣುಮಗಳೊಬ್ಬಳು ಬಂದದ್ದು ಅದೇ ಮೊದಲು. ಹಾಗಾಗಿ ಎಲ್ಲರೂ ಕಾಲು ಕೆಳಗಿಟ್ಟು ಕುಳಿತರು.

ಮೊದಲು ಬಸವಪ್ರಸಾದ್ ಹೇಳಿದ. ಅವನ ಎರಡನೆಯ ಮಾತಿಗೇ ಡೇರೆಯೊಳಗೆ ಹಾವು ಬಂತು, ನಾಲ್ಕನೆಯದಕ್ಕೆ ಆನೆಕಲ್ಲು ಮಳೆ ಬಿತ್ತು. ಹಿರಿಯರು ತಾಳ್ಮೆಯಿಂದ ಕೇಳಿದರು. ಆಮೇಲೆ ಅವನು, ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ವಾರದಲ್ಲಿ ಒಂದೇ ದಿನ ಫೋನ್ ಕೈಗೆ ಕೊಡುತ್ತಿದ್ದರು ಎಂದ. ಎರ್ರಿಸ್ವಾಮಿಯ ಬಾಯಿಂದ ಬಜ್ಜಿಯ ಚೂರು ಹಾರಿತು. ಆಮೇಲೆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಹುಡುಗ ಕೆಂಪಾಗಿ ಕುಳಿತ.

ನಾಗಜ್ಯೋತಿಯ ಸರದಿ ಬಂದಾಗ ಆಕೆ ಹೇಳಿದ್ದು ಇಷ್ಟೇ.

“ಏನಿಲ್ರಿ, ನಮ್ಮ ಕುರಿ ಕಾಯೋ ಕೆಲಸನ. ಕತ್ತಲಿದ್ದಾಗ ಏಳೋದು, ಹೊತ್ತು ಮುಳುಗೋ ತನಕ ನಡಿಯೋದು, ಕುಂತ್ರ ಬೈಸ್ಕೊಳ್ಳೋದು. ಇಲ್ಲಿ ಕುರಿ ಹಿಂದ ನಾ ಇರ್ತಿದ್ದೆ. ಅಲ್ಲಿ ನಾನ ಕುರಿ.”

ಏಕಾಂತಪ್ಪ ನಗು ತಡೆದುಕೊಂಡು ವಾಡಿಕೆಯ ತೀರ್ಪು ಓದಿದ. ನಾಗಜ್ಯೋತಿ ತಲೆ ಅಲ್ಲಾಡಿಸಿ ಒಪ್ಪಿಕೊಂಡಳು. ಉಚ್ಚೀರಪ್ಪನಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಮೊಮ್ಮಗಳು ಸ್ವಲ್ಪ ಹಾವು, ಸ್ವಲ್ಪ ಮಳೆ ಸೇರಿಸಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವನಿಗನಿಸಿತು.

ಅಷ್ಟರಲ್ಲಿ ಊರಿನ ಒಂದು ಹೈಸ್ಕೂಲಿನ ಹೆಡ್‌ಮಾಸ್ಟರು ಬಂದರು. ಆಗಸ್ಟ್ ಹದಿನೈದಕ್ಕೆ ತಮ್ಮ ಮೈದಾನದಲ್ಲಿ ಮಕ್ಕಳ ಪರೇಡಿನ ಮುಂದೆ ಮಾಜಿ ಸೈನಿಕರು ನಡೆಯಬೇಕು, ಮಕ್ಕಳು ಅವರ ಹಿಂದೆ ಬರುತ್ತಾರೆ, ನೋಡಿ ಕಲಿಯುತ್ತಾರೆ ಎಂದು ಕೇಳಿಕೊಂಡರು. ಸಂಘ ಒಂದೇ ಕಂಠದಿಂದ ಒಪ್ಪಿತು. ಹೆಡ್‌ಮಾಸ್ಟರು ಅತ್ತ ಹೋದ ಕೂಡಲೇ, ಒಮ್ಮೆ ನಡೆದು ನೋಡೋಣ ಎಂದು ಎಲ್ಲರೂ ಅಂಗಳಕ್ಕಿಳಿದರು. ಹತ್ತಿಯ ಸೀಸನ್ ಇನ್ನೂ ಶುರುವಾಗದೆ ಮಿಲ್ಲಿನ ಅಂಗಳ ಖಾಲಿಯಿತ್ತು. ಮೂಲೆಯಲ್ಲಿ ಹಳೆಯ ಹತ್ತಿ ಬೇಲುಗಳ ಒಂದು ಅಟ್ಟಿ ಇತ್ತು. ಅದರ ನೆರಳಿನಲ್ಲಿ ಇಬ್ಬರು ಕಾವಲು ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಏಕಾಂತಪ್ಪ ಎದೆಯುಬ್ಬಿಸಿ ‘ಸಾವಧಾನ್’ ಎಂದ. ಕೆಲವರ ಹಿಮ್ಮಡಿ ಕೂಡಿತು, ಕೆಲವರು ತಮ್ಮ ಹಿಮ್ಮಡಿ ಎಲ್ಲಿದೆಯೆಂದು ಬಗ್ಗಿ ನೋಡಿಕೊಂಡರು, ಹೊಟ್ಟೆ ಅಡ್ಡ ಬಂತು. ‘ತೇಜ್ ಚಲ್’ ಎಂದಾಗ ಅರ್ಧ ಸಾಲು ಎಡಗಾಲು ಎತ್ತಿತು, ಇನ್ನರ್ಧ ಬಲಗಾಲು. ಉಚ್ಚೀರಪ್ಪ ಮುಂದಿದ್ದವನ ಚಪ್ಪಲಿ ತುಳಿದ. ಕಾವಲು ಹೆಂಗಸರಲ್ಲಿ ಒಬ್ಬಳು ಎಲೆ ಉಗುಳಿಬಿಟ್ಟು ಸೆರಗು ಬಾಯಿಗಿಟ್ಟುಕೊಂಡಳು. ನಾಗಜ್ಯೋತಿ ನಗಲಿಲ್ಲ. ಗುಂಪು ಬಿಟ್ಟು ಅಗಲುವ ಮರಿಗಳನ್ನು ನೋಡುವ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

ಆ ನೋಟ ಏಕಾಂತಪ್ಪನನ್ನು ಚುಚ್ಚಿತು. ಅಷ್ಟು ಗೊತ್ತಿದ್ದರೆ ನೀನೇ ಬಂದು ಕಲಿಸಮ್ಮ ಎಂದು ಕುಹಕವಾಡಿದ. ಆಕೆ ಅದನ್ನು ಹುಕುಂ ಎಂದೇ ತೆಗೆದುಕೊಂಡಳು. ನಾಳೆ ಬೆಳಗ್ಗೆ ಐದೂವರೆಗೆ ಎಲ್ಲರೂ ಇಲ್ಲಿರಬೇಕು, ಕಾಲಿಗೆ ಬೂಟು, ಬೂಟಿಗೆ ಪಾಲಿಶ್ ಇರಬೇಕು ಎಂದಳು. ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗುವುದಿಲ್ಲ ಎಂದು ಮೊದಲು ಹೇಳಿದವನಿಗೆ ಮುಂದಿನ ಭಾನುವಾರ ತಲೆಯೆತ್ತಲಾಗದು ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಯಾರೂ ಹೇಳಲಿಲ್ಲ.

ಮೊದಲ ಬೆಳಗ್ಗೆ ಉಚ್ಚೀರಪ್ಪ ಉಲ್ಲಾಸದಿಂದಲೇ ಹೊರಟ. ಉಸ್ತಾದ್ ತನ್ನ ಮನೆಯವಳು, ತನಗೆ ಸ್ವಲ್ಪ ಸಡಿಲು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದ. ಸಾಲಿನಲ್ಲಿ ನಿಂತು, ಪಕ್ಕದವನಿಗೆ ಭುಜ ಸರಿಮಾಡಿಕೋ, ಹಿಂದಿನವನಿಗೆ ಹೊಟ್ಟೆ ಒಳಗೆಳೆದುಕೋ ಎಂದು ಸಲಹೆ ಕೊಡತೊಡಗಿದ. ನಾಗಜ್ಯೋತಿ ಅವನ ಮುಂದೆ ಬಂದು ನಿಂತಳು.

“ಹವಾಲ್ದಾರ್ ಸಾಬ್, ಸಾಲಿನಾಗ ಮಾತಾಡಬಾರದು. ಬೇಲಿನ ಅಟ್ಟಿ ಸುತ್ತ ಒಂದು ಸುತ್ತು ಹೋಗಿ ಬರ್ರಿ.”

ಅವಳು ತಾತ ಎನ್ನಲಿಲ್ಲ ಎಂಬುದು ಅವನಿಗೆ ಮೊದಲು ತಟ್ಟಿತು, ಸುತ್ತು ಹಾಕಬೇಕು ಎಂಬುದು ಆಮೇಲೆ. ಏಕಾಂತಪ್ಪ ಕಣ್ಣರಳಿಸಿ ನೋಡುತ್ತಿದ್ದ. ಉಚ್ಚೀರಪ್ಪ ಓಡಿದ. ಓಡಿದ ಎಂದು ಅವನು ಹೇಳುತ್ತಾನೆ. ಕಾವಲು ಹೆಂಗಸರು ಹೇಳುವುದು ಬೇರೆ.

ಎರಡನೆಯ ದಿನ ಎರ್ರಿಸ್ವಾಮಿ ಕುಂಟುತ್ತ ಬಂದು, ಬಲಮೊಣಕಾಲು ನೋವು, ತಾನು ಕುರ್ಚಿಯ ಮೇಲೆ ಕುಳಿತು ನೋಡಿಕೊಂಡೇ ಕಲಿಯುತ್ತೇನೆ ಎಂದ. ಆಕೆ ಒಪ್ಪಿ ಕುರ್ಚಿ ಹಾಕಿಸಿದಳು. ಮೂರನೆಯ ದಿನ ಅವನು ಎಡಗಾಲು ಕುಂಟುತ್ತ ಬಂದ. ನಿನ್ನೆ ಬಲಗಾಲು ಇತ್ತಲ್ಲ ಎಂದು ಆಕೆ ಕೇಳಿದಾಗ ಅವನು ಅಂಜದೆ, ನೋವು ನಡೀತೈತಮ್ಮಾ, ಒಂದ ಕಡೆ ಇರಂಗಿಲ್ಲ ಎಂದ. ನೋವೇ ನಡೆಯುತ್ತಿರುವಾಗ ನೀವು ಕುಳಿತಿರುವುದು ಸರಿಯಲ್ಲ ಎಂದು ಆಕೆ ಅವನನ್ನು ಸಾಲಿಗೆ ಸೇರಿಸಿದಳು. ಬಸವಪ್ರಸಾದನಿಗೆ ಅವಳು ಹೆಜ್ಜೆ ಎಣಿಸುವ ಕೆಲಸ ಕೊಟ್ಟಿದ್ದಳು. ಫೋನಿನ ಮಾತಿಗೆ ತನ್ನನ್ನು ನೋಡಿ ನಕ್ಕ ಹಿರಿಯರು ಏದುಸಿರು ಬಿಡುವಾಗ ಅವನ ‘ಏಕ್ ದೋ ಏಕ್’ ಸ್ವಲ್ಪ ಚುರುಕಾಗುತ್ತಿತ್ತು.

ಕವಾಯತು ಮುಗಿದಮೇಲೆ ಹಿರಿಯರು ಮಿಲ್ಲಿನ ಗೇಟಿನ ಹೊರಗೆ ಇಡ್ಲಿ ಬಂಡಿಯ ಹತ್ತಿರ ನಿಂತು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಉಸ್ತಾದಳನ್ನು ಬೈಯುತ್ತಿದ್ದರು. ಯಾರಿಗೆ ಎಷ್ಟು ಸುತ್ತು ಬಿತ್ತು, ಯಾರ ಬೂಟನ್ನು ಎರಡು ಸಲ ಪಾಲಿಶ್ ಮಾಡಿಸಿದಳು ಎಂದು ಲೆಕ್ಕ ಹಾಕುತ್ತಿದ್ದರು. ಅವಳು ಬಂದಳೆಂದರೆ ತಟ್ಟೆ ಕೆಳಗಿಟ್ಟು ನೆಟ್ಟಗಾಗುತ್ತಿದ್ದರು. ಅಂಗಳದ ಹೊರಗೆ ಅವಳು ಎಲ್ಲರನ್ನೂ ತಾತ, ದೊಡ್ಡಪ್ಪ ಎಂದೇ ಕರೆಯುತ್ತಿದ್ದಳು, ಇಡ್ಲಿ ಬಡಿಸಲು ಮುಂದಾಗುತ್ತಿದ್ದಳು. ಅದು ಅವರನ್ನು ಇನ್ನಷ್ಟು ಗಾಬರಿಗೊಳಿಸುತ್ತಿತ್ತು.

ಮನೆಯಲ್ಲಿ ಉಚ್ಚೀರಪ್ಪ ಎರಡು ದಿನ ಮೊಮ್ಮಗಳ ಜೊತೆ ಮಾತು ಬಿಟ್ಟ. ಆಕೆ ಮಾತ್ರ ಬಿಸಿನೀರಿಗೆ ಉಪ್ಪು ಹಾಕಿ ತಂದು ಅವನ ಕಾಲ ಬಳಿ ಇಡುತ್ತಿದ್ದಳು. ಅವನು ಗೋಡೆ ನೋಡುತ್ತಲೇ ಅದರಲ್ಲಿ ಕಾಲು ಇಳಿಬಿಡುತ್ತಿದ್ದ. ಲಿಂಗಕ್ಕನಿಗೆ ಇದೆಲ್ಲ ಹಬ್ಬವಾಗಿತ್ತು. ಮದುವೆಯಾದಾಗಿನಿಂದ ಆಕೆ ಆ ಟ್ರೈನಿಂಗ್ ಕಥೆ ಕೇಳುತ್ತ ಬಂದವಳು. ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ, ಹೊಸ ಉಸ್ತಾದ್ ಹೆಂಗ ಅದಾಳ ಎಂದು ಕೇಳಿದಳು. ಭಾಳ ಕೆಟ್ಟ ಉಸ್ತಾದ್ ಎಂದ. ನಿಮ್ಮ ಆ ಹಳೇ ಉಸ್ತಾದನಿಗಿಂತಲೂ ಕೆಟ್ಟವಳೋ ಎಂದು ಆಕೆ ಬಿಡದೆ ಕೇಳಿದಳು. ಉಚ್ಚೀರಪ್ಪ ಮಗ್ಗಲು ಬದಲಿಸಿದ.

“ಆತ ಬೈತಿದ್ದ. ಬೈಸ್ಕೊಂಡ್ರ ಮುಗೀತಿತ್ತು. ಈಕಿ ಬೈಯಂಗಿಲ್ಲ, ಸರಿ ಆಗೋತನ ನೋಡ್ಕೊಂತ ನಿಂದ್ರತಾಳ. ಅದ ತಡಿಯಾಕ ಆಗವಲ್ದು.”

ಹೇಳಿದ ದನಿಯಲ್ಲಿ ದೂರಿಗಿಂತ ಬೇರೆ ಏನೋ ಇತ್ತು. ಲಿಂಗಕ್ಕ ಅದನ್ನು ಗುರುತಿಸಿ, ಎಣ್ಣೆ ಸ್ವಲ್ಪ ಹೆಚ್ಚು ಹಾಕಿದಳು.

ವಾರ ಕಳೆಯುವಷ್ಟರಲ್ಲಿ ಹನ್ನೊಂದು ಜೋಡಿ ಬೂಟುಗಳ ಸದ್ದು ಹೆಚ್ಚುಕಡಿಮೆ ಒಂದಾಯಿತು. ಹದಿಮೂರನೆಯ ತಾರೀಖು ಕಾವಲು ಹೆಂಗಸರು ನಗುವುದನ್ನು ಬಿಟ್ಟು ಎದ್ದು ನಿಂತು ನೋಡಿದರು. ತೊಂದರೆ ಬಂದದ್ದು ಬೇರೊಂದು ಕಡೆಯಿಂದ. ಪರೇಡಿನ ಕಮಾಂಡರ್ ಏಕಾಂತಪ್ಪ, ಸಾಲು ಚೆನ್ನಾಗಿ ಬರುತ್ತಿರುವುದನ್ನು ನೋಡಿ, ತನ್ನ ದನಿಯೂ ಅದಕ್ಕೆ ತಕ್ಕ ಹಾಗಿರಬೇಕೆಂದು ಮನೆಯ ಮಾಳಿಗೆ ಹತ್ತಿ ಬೆಳಗ್ಗೆ ಸಂಜೆ ಕೂಗಿ ಅಭ್ಯಾಸ ಮಾಡತೊಡಗಿದ್ದ. ಪಕ್ಕದ ಮನೆಯವರು ಅಣ್ಣತಮ್ಮಂದಿರ ಜಗಳವೆಂದು ತಿಳಿದು ಬಿಡಿಸಲು ಬಂದಿದ್ದರು. ಅವನ ಸೊಸೆ ಸುಷ್ಮಾ ಕೈಮುಗಿದು, ಮಾವಯ್ಯಾ ಇನ್ನು ಸಾಕು ಎಂದಿದ್ದಳು. ಹದಿನಾಲ್ಕನೆಯ ತಾರೀಖು ಬೆಳಗ್ಗೆ ಅವನ ಗಂಟಲಿನಿಂದ ಹೊರಟದ್ದು ತುಕ್ಕು ಹಿಡಿದ ಬಾಗಿಲಿನ ಕಿರುಗುಟ್ಟುವಿಕೆಯಷ್ಟೇ.

ನಾಗಜ್ಯೋತಿ ನಯವಾಗಿ, ನಾಳೆ ಹುಕುಂ ಕೊಡುವ ಕೆಲಸ ಬೇರೆಯವರಿಗೆ ಕೊಡೋಣವೇ, ಹವಾಲ್ದಾರ್ ಸಾಬರ ದನಿ ಚೆನ್ನಾಗಿದೆ ಎಂದಳು. ಏಕಾಂತಪ್ಪ ಪಿಸುದನಿಯಲ್ಲೇ, ಸುಬೇದಾರ್ ಇರುವಾಗ ಹವಾಲ್ದಾರ್ ಹುಕುಂ ಕೊಟ್ಟ ಪಲಟನ್ ಯಾವುದಾದರೂ ಇದೆಯೇ ಎಂದು ಕೇಳಿದ. ಮೆಣಸು ಹಾಕಿದ ಹಾಲು ಕುಡಿದು ಮಲಗಿದರೆ ಬೆಳಗ್ಗೆ ಎಲ್ಲ ಸರಿಹೋಗುತ್ತದೆ ಎಂದ. ಹೋಗುವಾಗ ಉಚ್ಚೀರಪ್ಪನ ಕಡೆ ತಿರುಗಿ, ನಾಳೆ ನಿನ್ನ ಬಾಯಿಂದ ಒಂದು ಮಾತೂ ಬರಕೂಡದು ಎಂದು ಬೆರಳು ತೋರಿಸಿದ. ನಾಗಜ್ಯೋತಿ ಒಪ್ಪಿಕೊಂಡಳು. ಮಿಲ್ಲಿನ ಅಂಗಳ ಆಕೆಯದು, ಪರೇಡಿನ ದಿನ ಸುಬೇದಾರನದು.

ಹದಿನೈದರ ಬೆಳಗ್ಗೆ ಮೈದಾನ ತುಂಬಿತ್ತು. ಶಾಮಿಯಾನದಲ್ಲಿ ಮುಖ್ಯ ಅತಿಥಿಗಳು, ಅವರ ಮುಂದೆ ಮೈಕು. ಮಾಜಿ ಸೈನಿಕರು ಬಿಳಿ ಅಂಗಿ, ಎದೆಯ ಮೇಲೆ ಪದಕ ಹಾಕಿಕೊಂಡು ಸಾಲಾಗಿ ನಿಂತರು. ಅವರ ಹಿಂದೆ ಶಾಲೆಯ ಬ್ಯಾಂಡು, ಬ್ಯಾಂಡಿನ ಹಿಂದೆ ಇಡೀ ಶಾಲೆ. ನಾಗಜ್ಯೋತಿ, ಲಿಂಗಕ್ಕ ಕಾಂಪೌಂಡಿನ ಒಳಗೆ ಬೇವಿನ ಮರದ ಕೆಳಗೆ ನಿಂತಿದ್ದರು.

ಏಕಾಂತಪ್ಪ ಬೆಳಗಿನಿಂದ ಒಂದು ಮಾತೂ ಆಡದೆ ದನಿಯನ್ನು ಕೂಡಿಟ್ಟಿದ್ದ. ‘ತೇಜ್ ಚಲ್’ ಎಂದು ಅವನು ಕೂಗಿದಾಗ ಬೇವಿನ ಮರದ ಕಾಗೆಗಳು ಹಾರಿಹೋದವು. ಅಷ್ಟು ದೊಡ್ಡ ದನಿ ಅವನಿಂದ ಹಿಂದೆಂದೂ ಹೊರಟಿರಲಿಲ್ಲ. ಇದ್ದದ್ದೆಲ್ಲ ಅದರಲ್ಲೇ ಮುಗಿದುಹೋಯಿತು. ವೇದಿಕೆಯ ಮುಂದೆ ಬಲಕ್ಕೆ ನೋಡುವ ಹುಕುಂ ಅರ್ಧ ಮಾತ್ರ ಬಂತು. ಹೇಗೋ ಅರ್ಥವಾಗಿ ಎಲ್ಲರೂ ತಲೆ ತಿರುಗಿಸಿದರು. ಸಾಲು ಒಂದೇ ಮೈಯಂತೆ ನಡೆಯಿತು. ಶಾಮಿಯಾನದ ಜನ ಎದ್ದು ಚಪ್ಪಾಳೆ ತಟ್ಟಿದರು. ನೀರಿನ ಟ್ಯಾಂಕಿನ ಹತ್ತಿರ ಬಂದಾಗ ‘ಥಮ್’ ಎನ್ನಬೇಕಿತ್ತು, ಅಂದರೆ ನಿಲ್ಲಿ. ಏಕಾಂತಪ್ಪ ಬಾಯಿ ತೆರೆದ. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಒಂದು ಸದ್ದು ಬಂತು. ಬ್ಯಾಂಡಿನ ಡೋಲು ಅದನ್ನೂ ನುಂಗಿತು.

ಟ್ಯಾಂಕಿನ ಆಚೆ ಗೇಟು ತೆರೆದಿತ್ತು. ಏಕಾಂತಪ್ಪ ಇನ್ನೊಮ್ಮೆ ಪ್ರಯತ್ನಿಸುತ್ತ ನಡೆದ, ಗೇಟು ದಾಟಿದ. ಹುಕುಂ ಇಲ್ಲದೆ ನಿಲ್ಲುವಂತಿಲ್ಲವಾದ್ದರಿಂದ ಸಾಲು ಅವನ ಹಿಂದೆ ಗೇಟು ದಾಟಿತು. ಹಿರಿಯರ ಹಿಂದೆಯೇ ನಡೆಯಬೇಕೆಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದರು. ಬ್ಯಾಂಡು ಬಾರಿಸುತ್ತ ಹೊರಗೆ ಹೋಯಿತು. ಅದರ ಹಿಂದೆ ಒಂಬತ್ತನೆಯ ತರಗತಿ, ಎಂಟನೆಯ ತರಗತಿ, ಏಳನೆಯ ತರಗತಿ. ಮುಖ್ಯ ಅತಿಥಿಗಳು ಕಾಗದದ ಮೇಲೆ ಕಣ್ಣಿಟ್ಟು ಭಾಷಣ ಶುರುಮಾಡಿ, ಪ್ರಿಯ ವಿದ್ಯಾರ್ಥಿಗಳೇ ಎಂದು ತೆಲುಗಿನಲ್ಲಿ ಹೇಳಿ ತಲೆಯೆತ್ತಿದರೆ ಮೈದಾನದಲ್ಲಿ ಶಾಮಿಯಾನದ ಕೆಲಸದವರಿಬ್ಬರು, ಒಂದು ಚಹಾದ ಡ್ರಮ್ಮು ಮಾತ್ರ ಇದ್ದವು.

ಎಲ್ಲಿಗೆ ಹೊಂಟಾರ ಎಂದು ಲಿಂಗಕ್ಕ ಕೇಳಿದಳು. ನಾಗಜ್ಯೋತಿ ಗೇಟಿನ ಕಡೆ ಓಡಿದಳು. ಗೇಟಿನ ತುಂಬ ಆರನೆಯ ತರಗತಿ ಸಿಕ್ಕಿಕೊಂಡಿತ್ತು. ಆಕೆ ಚಪ್ಪಲಿ ಬಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿಬಂದು, ಆಳೆತ್ತರದ ಕಾಂಪೌಂಡ್ ಗೋಡೆಯ ತುದಿ ಹಿಡಿದು ಆಚೆ ಹಾರಿದಳು. ಲಿಂಗಕ್ಕ ಆಮೇಲೆ ವಾರವಿಡೀ ಓಣಿಯಲ್ಲಿ ಹೇಳಿದ್ದು ಆ ಗೋಡೆಯ ವಿಷಯವನ್ನೇ ಹೊರತು ಪರೇಡಿನದನ್ನಲ್ಲ.

ರಸ್ತೆಯಲ್ಲಿ ಜನ ಇದನ್ನು ಮೆರವಣಿಗೆ ಎಂದೇ ತಿಳಿದರು. ಎಮ್ಮಿಗನೂರು ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಸೆಲ್ಯೂಟ್ ಹೊಡೆದ. ಹಣ್ಣಿನ ಬಂಡಿಯವಳು ನಡೆಯುತ್ತಿದ್ದ ಎರ್ರಿಸ್ವಾಮಿಯ ಕೈಗೆ ಬಾಳೆಹಣ್ಣು ತುರುಕಿದಳು. ಅವನು ಅದನ್ನು ಬಂದೂಕಿನ ಹಾಗೆ ಹಿಡಿದು ನಡೆದ. ಆಟೋಗಳು ಹಿಂದೆ ಸಾಲುಗಟ್ಟಿದವು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಏಕಾಂತಪ್ಪ ಗೇಟಿನ ಕಂಬಿಗೆ ಹೊಟ್ಟೆ ತಾಗುವಷ್ಟು ಹತ್ತಿರ ಹೋಗಿ ನಿಂತಲ್ಲೇ ಹೆಜ್ಜೆ ಹಾಕತೊಡಗಿದ. ಹಿಂದಿನ ಸಾಲೂ ನಿಂತಲ್ಲೇ ಹೆಜ್ಜೆ ಹಾಕಿತು. ಗೂಡ್ಸ್ ಗಾಡಿಯೊಂದು ಆರಾಮವಾಗಿ ಹೋಗತೊಡಗಿತು. ಡಬ್ಬಿಯ ಮೇಲೆ ಡಬ್ಬಿ, ಮುಗಿಯುವ ಲಕ್ಷಣವಿಲ್ಲ. ಬ್ಯಾಂಡು ಬಾರಿಸುತ್ತಿತ್ತು, ಹನ್ನೊಂದು ಮಂದಿ ಬೆವರು ಸುರಿಸುತ್ತ ಮೊಣಕಾಲು ಎತ್ತಿ ಇಳಿಸುತ್ತಿದ್ದರು. ಏಕಾಂತಪ್ಪ ಹಿಂದಿರುಗಿ ಉಚ್ಚೀರಪ್ಪನನ್ನು ನೋಡಿದ. ಅವನ ಕಣ್ಣು ಬೇಡಿಕೊಳ್ಳುತ್ತಿತ್ತು. ಉಚ್ಚೀರಪ್ಪನಿಗೆ ಅದು ಪೂರ್ತಿ ಅರ್ಥವಾಯಿತು. ಅವನು ತುಟಿ ಬಿಗಿದು, ಎದುರಿಗೆ ದೃಷ್ಟಿ ನೆಟ್ಟು, ಹೆಜ್ಜೆ ಹಾಕುತ್ತಲೇ ಇದ್ದ.

ಬರಿಗಾಲಿನಲ್ಲಿ ಓಡಿಬಂದ ನಾಗಜ್ಯೋತಿ ಮಕ್ಕಳನ್ನು, ಡೋಲನ್ನು ದಾಟಿ ಮುಂದೆ ಬಂದು ಒಂದೇ ಸಲ ಕೂಗಿದಳು.

“ಪರೇಡ್, ಥಮ್.”

ಹನ್ನೊಂದು ಜೋಡಿ ಬೂಟುಗಳು ಒಂದೇ ಸದ್ದು ಮಾಡಿ ನಿಂತವು. ಬ್ಯಾಂಡು ನಿಂತಿತು, ಇಡೀ ಶಾಲೆ ನಿಂತಿತು. ಪಕ್ಕದಲ್ಲಿ ಇನ್ನೂ ಗಾಡಿ ಉರುಳಿಸುತ್ತಿದ್ದ ಕಬ್ಬಿನ ಹಾಲಿನವನೂ ನಿಂತುಬಿಟ್ಟ. ಮಿಲ್ಲಿನ ಅಂಗಳದಲ್ಲಿ ಒಂದು ದಿನವೂ ಅಷ್ಟು ಚೆನ್ನಾಗಿ ಯಾರೂ ನಿಂತಿರಲಿಲ್ಲ. ಆಕೆ ಏದುಸಿರು ಬಿಡುತ್ತ ತಾತನ ಮುಂದೆ ಬಂದಳು. ಸುಬೇದಾರರ ದನಿ ಹೋಗಿದ್ದು ಗೊತ್ತಿದ್ದೂ ನೀವಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಉಚ್ಚೀರಪ್ಪ ಕಣ್ಣು ಮಿಟುಕಿಸಲಿಲ್ಲ.

“ಸಾಲಿನಾಗ ಮಾತಾಡಬಾರದು ಅಂತ ಹುಕುಂ ಐತಿ.”

ಅವಳು ಮುಖ ಆಚೆ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಇಡೀ ವಾರದಲ್ಲಿ ಉಸ್ತಾದ್ ನಕ್ಕದ್ದು ಅದೇ ಮೊದಲು ಎಂದು ಎರ್ರಿಸ್ವಾಮಿ ಬಾಳೆಹಣ್ಣು ಸುಲಿಯುತ್ತ ಗಮನಿಸಿದ.

ವಾಪಸು ನಡೆಸಿಕೊಂಡು ಬಂದವಳು ಅವಳೇ.

ಮುಖ್ಯ ಅತಿಥಿಗಳು ಕಾದು ಕಾದು ಸುಸ್ತಾಗಿ ಭಾಷಣವನ್ನು ನಾಲ್ಕು ಮಾತಿಗೆ ಇಳಿಸಿದರು. ಮಕ್ಕಳು ಅದಕ್ಕೆ ಹಿಂದೆಂದಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಮರುದಿನ ತೆಲುಗು ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ಫೋಟೋ ಬಂತು. ಮಾಜಿ ಸೈನಿಕರು ಮಕ್ಕಳೊಂದಿಗೆ ಊರಿನ ಬೀದಿಯಲ್ಲಿ ದೇಶಭಕ್ತಿಯ ಮೆರವಣಿಗೆ ನಡೆಸಿದರು ಎಂದು ಬರೆದಿದ್ದರು. ದನಿ ಮರಳಿದಮೇಲೆ ಏಕಾಂತಪ್ಪ, ಅದನ್ನೆಲ್ಲ ತಾನು ಮೊದಲೇ ಯೋಚಿಸಿದ್ದಾಗಿ ಹೇಳತೊಡಗಿದ. ಯಾರೂ ಅಲ್ಲಗಳೆಯಲಿಲ್ಲ. ಫೋಟೋದಲ್ಲಿ ಎಲ್ಲರ ಹೊಟ್ಟೆಯೂ ಒಳಗಿತ್ತು. ಮುಂದಿನ ಭಾನುವಾರ ಸಂಘ ಒಂದು ನಿರ್ಣಯ ಮಾಡಿ, ಜನವರಿ ಇಪ್ಪತ್ತಾರಕ್ಕೂ ನಾಗಜ್ಯೋತಿ ರಜೆ ಹಾಕಿ ಬರಬೇಕೆಂದು ಕೇಳಿಕೊಂಡಿತು. ಎರ್ರಿಸ್ವಾಮಿ ಆಕೆಯನ್ನು ಪಕ್ಕಕ್ಕೆ ಕರೆದು, ರಜೆಯ ತಾರೀಖು ಮೊದಲೇ ತಿಳಿಸಮ್ಮಾ, ಅದೇ ಹೊತ್ತಿಗೆ ನಂದವರಂನಲ್ಲಿ ಮಗಳ ಮನೆಗೆ ಹೋಗುವ ಕೆಲಸವಿದೆ ಎಂದ.

ಮೊದಲ ಪೋಸ್ಟಿಂಗಿಗೆ ಅವಳು ಹೊರಟದ್ದು ತಿಂಗಳ ಕೊನೆಯಲ್ಲಿ. ಗುಂತಕಲ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ಆದೋನಿ ಸ್ಟೇಷನ್ನಿಗೆ ಉಚ್ಚೀರಪ್ಪನೊಬ್ಬನೇ ಬಂದ. ಟ್ರಂಕನ್ನು ತಾನೇ ಹೊರುತ್ತೇನೆಂದು ಹೊತ್ತು, ಅರ್ಧ ದಾರಿಯಲ್ಲಿ ಅವಳಿಗೆ ಕೊಟ್ಟ. ಗಾಡಿ ತಡ ಎಂದು ಹೇಳಿದರು. ಇಬ್ಬರೂ ಟ್ರಂಕಿನ ಮೇಲೆ ಕುಳಿತು ಶೇಂಗಾ ಸುಲಿದು ತಿಂದರು. ಸಂಘದಲ್ಲಿ ಕೇಳಲಾಗದ ಒಂದು ಪ್ರಶ್ನೆ ಉಚ್ಚೀರಪ್ಪನ ಹತ್ತಿರ ಇತ್ತು. ಅಲ್ಲಿ ನಿಜಕ್ಕೂ ಕಷ್ಟವಾಗಲಿಲ್ಲವೇ ಎಂದು ಕೊನೆಗೂ ಕೇಳಿದ.

ಓಡುವುದು, ಏರುವುದು ಏನೂ ಅನಿಸಲಿಲ್ಲ ಎಂದಳು. ಕಷ್ಟವಾದದ್ದು ಮೊದಮೊದಲು ನಿದ್ದೆ. ಬ್ಯಾರಕ್ಕಿನಲ್ಲಿ ದೀಪ ಆರಿದ ಕೂಡಲೇ ಒಂದಿಷ್ಟೂ ಸದ್ದಿಲ್ಲ. ಹುಟ್ಟಿದಾಗಿನಿಂದ ಹಟ್ಟಿಯ ಪಕ್ಕದಲ್ಲೇ ಮಲಗಿದವಳಿಗೆ ಕುರಿ ಕೆಮ್ಮುವ ಸದ್ದಿಲ್ಲದೆ ಕಣ್ಣು ಮುಚ್ಚಲಾಗಲಿಲ್ಲ. ಇಂಥದ್ದನ್ನು ಯಾರ ಮುಂದೆ ಹೇಳುವುದು ಎಂದು ಸುಮ್ಮನಿದ್ದಳಂತೆ.

ಉಚ್ಚೀರಪ್ಪ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ. 

“ನಮ್ಮ ಬ್ಯಾರಕ್ಕಿನ್ಯಾಗ ಬಿಹಾರದವ ಒಬ್ಬ ಇದ್ದ. ಮಲಗಿದ ಅಂದ್ರ ಟಗರು ಕೆಮ್ಮಿದಂಗ ಕೆಮ್ಮತಿದ್ದ. ಎಲ್ಲಾರು ಆತನ್ನ ಬೈದು ದೂರ ಮಂಚ ಎಳ್ಕೊಂಡ್ರು. ನಾ ಹೋಗಿ ಆತನ ಮಗ್ಗಲಿಗೆ ಹಾಕ್ಕೊಂಡೆ.”

ನಾಗಜ್ಯೋತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತನಗೆ ಹರಿಯಾಣದ ಹುಡುಗಿಯೊಬ್ಬಳು ಸಿಕ್ಕಿದ್ದಳು, ಆಕೆ ಗೊರಕೆ ಹೊಡೆಯುತ್ತಿದ್ದಳು, ಮೊದಲು ಆಗಿಬರಲಿಲ್ಲ, ಆಮೇಲೆ ಒಗ್ಗಿತು ಎಂದಳು. ಗೊರಕೆ ಕೆಮ್ಮಿಗೆ ಸಮನಾದೀತೇ ಎಂದು ತಾತ ಕೇಳಿದ. ಇಲ್ಲ, ಆದರೂ ಪರವಾಲೇದು, ನಡೆದುಹೋಯಿತು ಎಂದು ಅವಳು ಹೇಳಿದಳು.

ಗಾಡಿ ಬಂತು. ಜನರಲ್ ಡಬ್ಬಿಯ ಬಾಗಿಲಲ್ಲಿ ನೂಕುನುಗ್ಗಲು. ಅವಳು ಮೊದಲು ಟ್ರಂಕನ್ನು ಒಳಗೆ ತಳ್ಳಿ, ಆಮೇಲೆ ತಾನು ಹತ್ತಿ, ಕಿಟಕಿಯಲ್ಲಿ ಮುಖ ತೋರಿಸಿದಳು. ಅಜ್ಜಿಯ ಹತ್ತಿರ ನಿನ್ನ ಸೊಂಟದ ಎಣ್ಣೆ ಮುಗಿದಿದೆ, ತರುವುದನ್ನು ಮರೆಯಬೇಡ ಎಂದು ಹೇಳಿದಳು. ಅವನು ಆಗಲಿ ಎಂದ. ಕಿಸೆಯಲ್ಲಿ ಉಳಿದಿದ್ದ ಶೇಂಗಾವನ್ನೆಲ್ಲ ಕಿಟಕಿಯೊಳಗೆ ಅವಳ ಬೊಗಸೆಗೆ ಸುರಿದ. ಗಾಡಿ ಹೊರಟಮೇಲೆ ಎಣ್ಣೆಯ ಅಂಗಡಿ ಮುಚ್ಚುವ ಮೊದಲು ತಲುಪಬೇಕೆಂದು ಬಜಾರಿನ ಕಡೆ ಬೇಗ ಬೇಗ ನಡೆದ.